ಏಳನೇ ನಂಬರಿನಲ್ಲಿ ಅಮ್ಮ

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಸಮಾರಂಭದಲ್ಲಿ ಸ್ವಾಗತ ಭಾಷಣ ಮಾಡಬೇಕಾದವರು ಕೈಕೊಟ್ಟರೆ ಹೆಡ್‌ಮಾಸ್ಟರು ಮೊದಲು ನನ್ನ ಕಡೆಗೇ ನೋಡುತ್ತಿದ್ದರು. ಅಂಥ ನನಗೆ ಹೆತ್ತವರ ಎದುರು ಕೂತು 'ನಿಮ್ಮ ನಂತರ' ಎಂಬ ಎರಡು ಪದ ಹೇಳಲು ಒಮ್ಮೆಯೂ ಬಾಯಿ ಬರಲಿಲ್ಲ. ನಾಲಿಗೆ ಆ ಮಾತಿನ ಹತ್ತಿರದವರೆಗೆ ಹೋಗುತ್ತಿತ್ತು. ನಾಯಿ ಇರುವ ಮನೆಯ ಗೇಟಿನ ಮುಂದೆ ನಿಂತ ನೆಂಟರ ಹಾಗೆ ಸ್ವಲ್ಪ ಹೊತ್ತು ಅಲ್ಲೇ ನಿಂತು, ವಾಪಸು ಬರುತ್ತಿತ್ತು.

ನಾನೊಬ್ಬಳೇ ಅಲ್ಲ ಬಿಡಿ. ನಮ್ಮ ಕಡೆ ಯಾರೂ ಆ ಮಾತನ್ನು ನೇರ ಆಡುವುದಿಲ್ಲ. 'ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ' ಎನ್ನುತ್ತೇವೆ. ಸಾರಿಗೆ ಉಪ್ಪು ಹೆಚ್ಚುಕಮ್ಮಿಯಾಗುತ್ತದೆ, ಬಸ್ಸು ಬರುವ ಹೊತ್ತು ಹೆಚ್ಚುಕಮ್ಮಿಯಾಗುತ್ತದೆ. ಮನುಷ್ಯ ಇಲ್ಲವಾಗುವುದಕ್ಕೂ ಅದೇ ಮಾತು ಸಾಕು ನಮಗೆ. 'ಉಯಿಲು' ಎಂಬ ಪದವನ್ನೇ ನೋಡಿ. ಇಂಗ್ಲಿಷಿನವರ 'ವಿಲ್' ನಮ್ಮ ಅಜ್ಜಂದಿರ ಬಾಯಲ್ಲಿ ನೆನೆದು ನೆನೆದು ಎಷ್ಟು ಮೆತ್ತಗಾಗಿದೆಯೆಂದರೆ, ಉಯ್ಯಾಲೆಯ ತಂಗಿಯೋ ಏನೋ ಅನ್ನಿಸುತ್ತದೆ. ಕೇಳಿದರೆ ನಿದ್ದೆ ಬರಬೇಕು, ಹಾಗಿದೆ. ಇನ್ನು 'ಪಾಲು', 'ಪಾಲನೆ' ಎಂಬ ಎರಡು ಪದಗಳು. ಒಂದು ಅಚ್ಚಗನ್ನಡ, ಇನ್ನೊಂದು ಸಂಸ್ಕೃತ. ಒಂದಕ್ಕೊಂದು ಸಂಬಂಧವಿಲ್ಲ ಎಂದು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ನಿಘಂಟಿನಲ್ಲಿ ಇಲ್ಲದಿರಬಹುದು. ಮನೆಗಳಲ್ಲಿ ಅವೆರಡೂ ಒಂದೇ ಗೋಡೆ ಹಂಚಿಕೊಂಡ ನೆರೆಹೊರೆಯವು.

ಅಪ್ಪಾಜಿಗೆ ಮಾತ್ರ ಈ ಸಂಕೋಚವಿರಲಿಲ್ಲ. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆ ವಿಭಾಗದ ಫೋರ್‌ಮನ್ ಆಗಿದ್ದವರು. ಅಲ್ಲಿ ಒಂದು ಪದ್ಧತಿ. ಪಾಳಿ ಮುಗಿಸಿ ಹೊರಡುವವನು ಮುಂದಿನ ಪಾಳಿಯವನಿಗೆ ಎಲ್ಲ ಬರೆದಿಟ್ಟು ಹೋಗಬೇಕು: ಯಾವ ವಾಲ್ವು ಸೋರುತ್ತಿದೆ, ಯಾವ ಮೋಟರು ಕಾದಿದೆ, ಯಾವುದನ್ನು ಮುಟ್ಟಬಾರದು. "ಹೇಳದೆ ಮನೆಗೆ ಹೋಗೋದು ಅಂದ್ರೆ ಇನ್ನೊಬ್ಬನ ಕೈ ಸುಟ್ಟ ಹಾಗೆ" ಎನ್ನುತ್ತಿದ್ದರು. ತೊಂಬತ್ತರ ದಶಕದ ನಡುವಿನಲ್ಲಿ ನಿವೃತ್ತರಾಗಿ, ಮೂವತ್ತು ವರ್ಷ ಬಾಳಿದ ಕ್ವಾರ್ಟರ್ಸಿನ ಬೀಗದ ಕೈ ಒಪ್ಪಿಸಿ, ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ತಾವೇ ನಿಂತು ಕಟ್ಟಿಸಿದ ಮನೆಗೆ ಬಂದರು. ಜೊತೆಯಲ್ಲಿ ಅಮ್ಮ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನ್ನ ಅಣ್ಣ ಚಂದ್ರಣ್ಣ, ಅವನ ಹೆಂಡತಿ ರತ್ನತ್ತಿಗೆ. ನಾನು ಮದುವೆಯಾಗಿ ರವೀಂದ್ರನಗರದಲ್ಲಿದ್ದೆ. ಆಟೋ ಹತ್ತಿದರೆ ಹತ್ತು ನಿಮಿಷದ ದಾರಿ.

ಬಂದು ನಾಲ್ಕು ವರ್ಷಗಳಾಗಿರಬೇಕು. ಒಂದು ಭಾನುವಾರ ನನ್ನನ್ನೂ ಬರಹೇಳಿದರು. ತಿಂಡಿಯಾದ ಮೇಲೆ ಹಜಾರದಲ್ಲಿ ಎಲ್ಲರನ್ನೂ ಕೂರಿಸಿ, ಕನ್ನಡಕ ಏರಿಸಿ, ಮಡಿಸಿದ ಒಂದು ಹಾಳೆ ಬಿಚ್ಚಿದರು. ಅವರ ಅಕ್ಷರ ದಪ್ಪ. ಕುಲುಮೆಯ ಮಬ್ಬಿನಲ್ಲೂ ಓದಲು ಬರಬೇಕೆಂದು ಬರೆದು ಅಭ್ಯಾಸ.

"ಇದು ಕರಡು. ಏನಾದ್ರೂ ತಿದ್ದೋದಿದ್ರೆ ಈಗ್ಲೇ ಹೇಳಿ. ಆಮೇಲೆ ಟೈಪ್ ಮಾಡ್ಸಿ ರಿಜಿಸ್ಟರ್ ಮಾಡಿಸ್ತೀನಿ" ಎಂದು ಒಂದನೇ ನಂಬರಿನಿಂದ ಓದಲು ಶುರು ಮಾಡಿದರು. ಮನೆ ಮಗನಿಗೆ. ಊರ ಹೊರಗಿನ ಸೈಟು ಮಗಳಿಗೆ. ಅಟ್ಟದ ಮೇಲಿನ ಹಿತ್ತಾಳೆ ಹಂಡೆಗಳು ಹೀಗೆ, ಅಮ್ಮನ ಒಡವೆ ಹಾಗೆ. ಅಣ್ಣ ನೆಲ ನೋಡುತ್ತಿದ್ದ. ನಾನು ಫ್ಯಾನು ನೋಡುತ್ತಿದ್ದೆ. ಅಡುಗೆಮನೆಯ ಬಾಗಿಲಿಗೆ ಒರಗಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ ಅಮ್ಮ ಮಾತ್ರ ಅಪ್ಪಾಜಿಯನ್ನೇ ನೋಡುತ್ತಿದ್ದಳು.

"ಏಳು. ನನಗೆ ಹೆಚ್ಚುಕಮ್ಮಿಯಾದಲ್ಲಿ ನನ್ನ ಪತ್ನಿಯು ವರ್ಷದಲ್ಲಿ ಆರು ತಿಂಗಳು ಮಗನ ಮನೆಯಲ್ಲೂ, ಆರು ತಿಂಗಳು ಮಗಳ ಮನೆಯಲ್ಲೂ ಸರದಿಯ ಪ್ರಕಾರ ಇರತಕ್ಕದ್ದು."

"ನಾನು ಏಳನೇ ನಂಬರಾ?" ಎಂದಳು ಅಮ್ಮ.

"ಹೂಂ."

"ಆರನೇದು ಏನಿತ್ತು? ನಾನು ಒಗ್ಗರಣೆ ನೋಡೋಕೆ ಹೋಗಿದ್ದೆ."

ಅಪ್ಪಾಜಿ ಹಾಳೆ ನೋಡಿದರು. "ಬೋರ್‌ವೆಲ್ ಮೋಟರು."

"ಮೋಟರಾದ್ರೂ ಒಂದೇ ಕಡೆ ಇರ್ತದೆ" ಎಂದು ಅಮ್ಮ ಒಳಗೆ ಹೋದಳು.

ರತ್ನತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅವಳ ಹಿಂದೆ ಹೋದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ಆಮೇಲೆ ಎರಡು ವಾರ ಅಮ್ಮ ಅಪ್ಪಾಜಿಯ ಜೊತೆ ನೇರ ಮಾತಾಡಲಿಲ್ಲ. ಕಾಫಿ ಲೋಟ ಟೇಬಲ್ಲಿನ ಮೇಲೆ ಕುಕ್ಕಿದ ಸದ್ದೇ ಸಂಭಾಷಣೆ. ಅಪ್ಪಾಜಿ ನನಗೆ ಫೋನು ಮಾಡಿ ಕೇಳಿದರು: "ಸುಮಾ, ನಾನು ಏನು ತಪ್ಪು ಬರ್ದೆ ಹೇಳು. ಅವಳಿಗೆ ತೊಂದ್ರೆ ಆಗ್ಬಾರ್ದು ಅಂತ ತಾನೆ ಬರ್ದದ್ದು?" ಅವರ ದನಿಯಲ್ಲಿ ಕೋಪವಿರಲಿಲ್ಲ. ಎಲ್ಲ ಸರಿಯಿದ್ದೂ ಯಂತ್ರ ಯಾಕೆ ನಿಂತಿತೆಂದು ತಿಳಿಯದವನ ಗೊಂದಲವಿತ್ತು.

ನಾನು ಅಮ್ಮನ ಹತ್ತಿರ ಹೋದೆ. ಬೇಸಿಗೆಯ ಮಧ್ಯಾಹ್ನ. ಅವಳು ತಾರಸಿಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟು, ನೀರಿನ ಟ್ಯಾಂಕಿನ ನೆರಳಲ್ಲಿ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಬಿಸಿಲು ಎಷ್ಟು ಬಿಳಿಯಾಗಿತ್ತೆಂದರೆ ಎದುರಿನ ಮನೆಗಳೆಲ್ಲ ಹಾಲಿನಲ್ಲಿ ಅದ್ದಿದ ಹಾಗೆ ಅಂಚು ಕಳೆದುಕೊಂಡಿದ್ದವು. ಸ್ವಲ್ಪ ಹೊತ್ತು ಇಬ್ಬರೂ ಕಾಗೆ ಓಡಿಸಿದೆವು.

"ಅಮ್ಮಾ, ನಿಂಗೆ ಎಲ್ಲಿರ್ಬೇಕು ಅಂತ ಆಸೆ?" ಎಂದೆ.

ಅವಳು ನನ್ನನ್ನು ಪರೀಕ್ಷೆಯಲ್ಲಿ ಸಿಲಬಸ್ಸಿನಾಚೆಯ ಪ್ರಶ್ನೆ ಕಂಡ ಹುಡುಗಿಯಂತೆ ನೋಡಿದಳು. ಲೆಕ್ಕ ಹಾಕಿದರೆ ಅರವತ್ತೆರಡು ವರ್ಷದಲ್ಲಿ ಯಾರೂ ಅವಳಿಗೆ ಹಾಕದ ಪ್ರಶ್ನೆ. ಹುಟ್ಟಿದ ಮನೆ ಅವಳು ಕೇಳಿದ್ದಲ್ಲ, ಕೊಟ್ಟ ಮನೆ ಅವಳು ಕೇಳಿದ್ದಲ್ಲ, ಕ್ವಾರ್ಟರ್ಸು ಕಾರ್ಖಾನೆಯವರು ಕೊಟ್ಟದ್ದು.

"ಆಸೆ ಏನು ಬಂತು ಮಾರಾಯ್ತಿ" ಎಂದಳು. ಸಂಡಿಗೆ ಒಂದನ್ನು ಮಗುಚಿದಳು. ಆಮೇಲೆ ನಿಧಾನವಾಗಿ, ಯಾರಿಗೂ ಹೇಳದ ಹಾಗೆ, ಮಾತು ಬಂತು. "ಇಲ್ಲಿ ಎಲ್ಲಾ ಚೆನ್ನಾಗಿದೆ. ನೆಲ ಕನ್ನಡಿ ಹಾಗಿದೆ. ರತ್ನ ನನ್ನ ಕೈಯಿಂದ ಸೌಟು ಕಿತ್ಕೊಂಡು 'ನೀವು ಕೂತ್ಕೊಳ್ಳಿ ಅತ್ತೆ' ಅಂತಾಳೆ. ಆದ್ರೆ ನಾಲ್ಕು ವರ್ಷ ಆಯ್ತು, ಪಕ್ಕದ ಮನೇಲಿ ಇವತ್ತು ಏನು ಸಾರು ಅಂತ ನಂಗೆ ಗೊತ್ತಿಲ್ಲ."

ಅಲ್ಲಿಂದ ಮಾತಿನಲ್ಲೇ ಭದ್ರಾವತಿಗೆ ಹೋದಳು. ನಾನೂ ಹೋದೆ. ತಾರಸಿಯ ಮೇಲೆ ಕೂತಲ್ಲೇ ಇಬ್ಬರೂ ಆ ಗಿಡ್ಡ ಕಾಂಪೌಂಡಿನ ಸಾಲುಮನೆಗಳ ನಡುವೆ ನಡೆದೆವು. ಗೋಡೆಯಾಚೆಯಿಂದ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಕರಿಬೇವು ಕೇಳುವ ಹೆಂಗಸರು. ಪಾಳಿಯ ಸೈರನ್ನಿಗೆ ಒಟ್ಟಿಗೆ ಹತ್ತುವ ಇಪ್ಪತ್ತು ಒಲೆಗಳು. ಸಂಜೆ ಕುಲುಮೆಯ ಕುದಿಯುವ ಕಿಟ್ಟವನ್ನು ಹೊರಗೆ ಸುರಿದಾಗ ಇಡೀ ಬೀದಿಯ ಆಕಾಶ ಒಂದು ಗಳಿಗೆ ಕೆಂಪಾಗುತ್ತಿದ್ದದ್ದು. ಆ ಕೆಂಪಿನಲ್ಲಿ ಅಮ್ಮ ಮತ್ತು ಪಕ್ಕದ ಮನೆಯ ಸೆಲ್ವಿಯಕ್ಕ ಮೆಟ್ಟಿಲ ಮೇಲೆ ಕೂತು ಅವರೆಕಾಳು ಸುಲಿಯುತ್ತಿದ್ದ ಚಿತ್ರ ನನಗೆ ಕನಸೋ ನೆನಪೋ ಈಗಲೂ ಖಚಿತವಿಲ್ಲ.

"ಸಾಯೋವರ್ಗೂ ಯಾರ ಮನೆಗೂ ನೆಂಟಳಾಗಿ ಹೋಗ್ಬಾರ್ದು, ಅಷ್ಟೇ" ಎಂದಳು ಅಮ್ಮ. "ನಿನ್ ಮನೇಗೂ."

ಅದನ್ನು ಅಪ್ಪಾಜಿಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಪೀಠಿಕೆ ಹಾಕಿ, ಸುತ್ತಿಬಳಸಿ ಹೇಳಿದೆ. ಅವರು ಕೇಳಿ, ಗೋಡೆಯ ಮೇಲೆ ಅಂಗೈ ಇಟ್ಟರು. "ಈ ಮನೆ ನಾನು ಯಾರಿಗೆ ಕಟ್ಟಿದ್ದು ಅಂತ ತಿಳ್ಕೊಂಡಿದೀಯ?" ಎಂದರು. ಪ್ರೀತಿ ಎಂಬುದು ಇಷ್ಟು ವರ್ಷ ಇಷ್ಟು ಇಟ್ಟಿಗೆ ಹೊತ್ತು ತಪ್ಪು ವಿಳಾಸಕ್ಕೆ ಹೋಗಿ ನಿಂತಿತ್ತಲ್ಲ ಎಂದು ನನಗನ್ನಿಸಿತು.

ಮೂರು ದಿನದ ನಂತರ ಅವರು ಯಾರಿಗೂ ಹೇಳದೆ ಬೆಳಗಿನ ಬಸ್ಸು ಹತ್ತಿ ಭದ್ರಾವತಿಗೆ ಹೋದರು. ಸಂಜೆ ಬಂದು, ಚಪ್ಪಲಿ ಬಿಡುತ್ತಾ, ಅಡುಗೆಮನೆಯ ಕಡೆ ಮುಖ ಮಾಡಿ ಹೇಳಿದರಂತೆ: "ಸೆಲ್ವಿ ಮನೆ ಹಿಂದಿನ ಸಾಲಲ್ಲಿ ಒಂದು ಬಾಡಿಗೆ ಮನೆ ಖಾಲಿ ಇದೆ. ಒಲೆ ಕಟ್ಟೆ ಸಣ್ಣದು. ಸಾಕಾ?"

"ಸಾಕು" ಎಂದಳಂತೆ ಅಮ್ಮ. ಎರಡು ವಾರದಲ್ಲಿ ಅವಳು ಅವರಿಗೆ ಆಡಿದ ಮೊದಲ ಮಾತು.

ಅವರಿಬ್ಬರ ಮಾತು ಕೂಡಿತು, ನನ್ನದೂ ಅಣ್ಣನದೂ ಮುರಿಯಿತು. ಅಣ್ಣನಿಗೆ ಅವಮಾನ. ಬೀದಿಯವರೆಲ್ಲ 'ಯಾಕ್ರೀ, ಅಪ್ಪ ಅಮ್ಮ ಮನೆ ಬಿಟ್ಟು ಹೋದ್ರಂತೆ?' ಎಂದು ಕೇಳುತ್ತಿದ್ದರು. ಸಾಮಾನು ಸಾಗಿಸಿದ ದಿನ ಗೇಟಿನ ಬಳಿ ನನ್ನನ್ನು ನಿಲ್ಲಿಸಿ, "ಅಮ್ಮಂಗೆ ನೀನೇ ಹೇಳ್ಕೊಟ್ಟಿದ್ದಾ?" ಎಂದ. ನಾನು ಸುಮ್ಮನಿರಬೇಕಿತ್ತು. ಭಾಷಣದವಳು ನೋಡಿ. "ನಿಂಗೇನು ಬಿಡು, ಖಾಲಿ ಮನೆ ಸಿಕ್ತು" ಎಂದುಬಿಟ್ಟೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಗಾದೆ. ಅದರಲ್ಲಿ ಅಕ್ಕತಂಗಿಯರ ಹೆಸರಿಲ್ಲ ಎಂದು ಇಷ್ಟು ದಿನ ಹೆಮ್ಮೆಪಡುತ್ತಿದ್ದೆ. ನಾವೂ ಸೇರಿಕೊಳ್ಳಲು ಒಂದು ವಾಕ್ಯ ಸಾಕಾಯಿತು.

ಅದರ ಮೇಲೆ ಅಪ್ಪಾಜಿ ಇನ್ನೊಂದು ಮಾಡಿದರು. ಹೊಸದಾಗಿ ಉಯಿಲು ಬರೆಸಿ ರಿಜಿಸ್ಟರ್ ಮಾಡಿಸಿದರು; ಈ ಸಲ ಯಾರಿಗೂ ಓದಿ ಹೇಳಲಿಲ್ಲ. "ಎಲ್ಲಿದೆ ಅಂತ ಒಬ್ರಿಗೆ ಗೊತ್ತು. ಅಷ್ಟು ಸಾಕು" ಎಂದರು. ಆ ಒಬ್ಬರು ಅಣ್ಣನೇ ಎಂದು ನಾನು ತಿಳಿದೆ. ನಾನೇ ಎಂದು ಅಣ್ಣ ತಿಳಿದ. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು, "ನೋಡ್ತಿರಿ ಮೇಡಂ, ಒಂದು ದಿನ ಅರಿಶಿನ ಕುಂಕುಮ, ಸೀರೆ ಕೊಟ್ಟು ಕರೀತಾರೆ. ತಟ್ಟೆ ಕೆಳಗೆ ಪಾಲು ಬೇಡ ಅಂತ ಸಹಿ ಹಾಕೋ ಪೇಪರ್ ಇರತ್ತೆ" ಎಂದು ಎಚ್ಚರಿಸಿದರು. ಅವರಿಗೆ ಹಾಗಾಗಿತ್ತು, ಪಾಪ. ಆ ಯುಗಾದಿಗೆ ಅಣ್ಣ ಕರೆಯಲಿಲ್ಲ. ರತ್ನತ್ತಿಗೆಯೇ ಡಬ್ಬಿಯಲ್ಲಿ ಹೋಳಿಗೆ ಹಾಕಿಕೊಂಡು ಬಂದಳು. ಅವಳ ಕೈಯಲ್ಲಿ ಸೀರೆಯ ಕವರೇನಾದರೂ ಇದೆಯೇ ಎಂದು ನನ್ನ ಕಣ್ಣು ಹುಡುಕಿತು. ಇರಲಿಲ್ಲ. ಈಗ ಬರೆಯುವಾಗಲೂ ಆ ಕಣ್ಣಿನ ಬಗ್ಗೆ ನಾಚಿಕೆಯಾಗುತ್ತದೆ.

ಹೀಗೆ ಒಂದು ವರ್ಷದ ಮೇಲಾಯಿತು. ಒಂದು ಬೆಳಿಗ್ಗೆ ಅಪ್ಪಾಜಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಅಮ್ಮ ಕೂಗಿದ ಕೂಗಿಗೆ ಸೆಲ್ವಿಯಕ್ಕ, ಅವಳ ಗಂಡ, ಎದುರುಮನೆಯವರು ಎಲ್ಲ ಬಂದು, ಬಾಗಿಲ ಹಲಗೆಯ ಮೇಲೆ ಮಲಗಿಸಿ, ವ್ಯಾನು ಮಾಡಿ ಶಿವಮೊಗ್ಗದ ಆಸ್ಪತ್ರೆಗೆ ಕಳಿಸಿದರು. ನನಗೆ ಸ್ಕೂಲಿಗೆ ಫೋನು ಬಂದಾಗ ಮಾತಾಡಿದವಳು ರತ್ನತ್ತಿಗೆ. "ಸುಮಾ, ಗಾಬರಿ ಬೇಡ. ಎಕ್ಸ್‌ರೇ ಆಗಿದೆ. ನೀವು ಊಟ ಮಾಡ್ಕೊಂಡೇ ಬನ್ನಿ" ಎಂದಳು.

ನಾನು ಹೋಗುವಷ್ಟರಲ್ಲಿ ಅಣ್ಣನೂ ಬಂದಿದ್ದ. ಕಾರಿಡಾರಿನ ಬೆಂಚಿನ ಮೇಲೆ ಅತ್ತಿಗೆ ಕೂತಿದ್ದಳು. ಪಕ್ಕದಲ್ಲಿ ಫ್ಲಾಸ್ಕು, ಮಡಿಸಿದ ಪಂಚೆ, ಹಳೆಯ ಚೀಟಿಗಳ ಫೈಲು. ಅಣ್ಣ ಅವಳ ಮೇಲೆ ರೇಗುತ್ತಿದ್ದ.

"ನಮ್ಮಪ್ಪ ಬಿದ್ದಿದಾರೆ. ನಂಗೆ ಮೊದ್ಲು ಹೇಳ್ಬೇಕೋ ನಿಂಗೋ? ಆ ಸೆಲ್ವಿ ನಿಂಗ್ಯಾಕೆ ಫೋನ್ ಮಾಡಿದ್ಳು?"

ಅತ್ತಿಗೆ ಫೈಲಿನಿಂದ ಒಂದು ಹಾಳೆ ತೆಗೆದು ಕೊಟ್ಟಳು. "ಇದರದೇ ಇನ್ನೊಂದು ಪ್ರತಿ ಅಲ್ಲಿ ಬೀರು ಬಾಗಿಲಿಗೆ ಅಂಟಿಸಿದಾರೆ. ಸೆಲ್ವಿ ಅದನ್ನ ನೋಡಿ ಮಾಡಿದ್ದು" ಎಂದಳು. ದಪ್ಪ ಅಕ್ಷರ. ರಕ್ತದ ಗುಂಪು, ತಿನ್ನುವ ಮಾತ್ರೆಗಳು, ಒಗ್ಗದ ಮಾತ್ರೆ. ಅದರ ಕೆಳಗೆ: 'ತುರ್ತಾದಲ್ಲಿ ಮೊದಲು ಸೊಸೆ ರತ್ನಳಿಗೆ ತಿಳಿಸುವುದು. ಮಗ ಹೆದರುತ್ತಾನೆ. ಮಗಳು ಅಳುತ್ತಾಳೆ.'

ಹಾಳೆ ಹಿಡಿದ ಅಣ್ಣನ ಕೈ ನಡುಗುತ್ತಿತ್ತು. ಕಣ್ಣೀರಿಗೆ ನನಗೆ ಮುಂದಿನ ಸಾಲು ಕಾಣಿಸಲಿಲ್ಲ. ಫೋರ್‌ಮನ್ನಿನ ಅಂದಾಜು ಎಲ್ಲೂ ತಪ್ಪಿರಲಿಲ್ಲ.

"ಉಯಿಲು ಎಲ್ಲಿದೆ ಅಂತಾನೂ ನಿಂಗೇ ಗೊತ್ತಾ?" ಎಂದ ಅಣ್ಣ, ಸಣ್ಣ ದನಿಯಲ್ಲಿ.

"ಗೊತ್ತು. ಅದನ್ನ ಜಾರಿಗೆ ತರೋ ಜವಾಬ್ದಾರಿ ನನ್ನ ಹೆಸರಿಗೇ ಬರ್ದಿದಾರೆ. 'ನಿಂಗೆ ಅದ್ರಲ್ಲಿ ಏನೂ ಇಲ್ಲ ಕಣಮ್ಮ, ಅದಕ್ಕೇ ನಿನ್ನ ಕೈಲಿ ಕೊಡ್ತಿದೀನಿ' ಅಂದ್ರು ಮಾವ."

"ಒಂದು ವರ್ಷ ನಂಗೆ ಹೇಳ್ಲಿಲ್ವಲ್ಲ ನೀನು!"

"ನೀವು ಕೇಳ್ಲಿಲ್ವಲ್ಲ. ನೀವಿಬ್ರೂ ಒಬ್ರನ್ನೊಬ್ರು ಅನುಮಾನಿಸೋದ್ರಲ್ಲೇ ಇದ್ರಿ" ಎಂದು ಅತ್ತಿಗೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಮೊದಲ ಲೋಟ ನನಗೆ ಕೊಟ್ಟಳು.

ಅಷ್ಟರಲ್ಲಿ ಡಾಕ್ಟರು ಬಂದರು. ಆಪರೇಷನ್ ಮಾಡಬಹುದು, ವಯಸ್ಸಾಗಿದೆ, ಸಕ್ಕರೆ ಕಾಯಿಲೆಯಿದೆ, ಅಪಾಯ ಇಲ್ಲವೆನ್ನಲಾಗದು. ಮಾಡದಿದ್ದರೆ ಹಾಸಿಗೆಯೇ ಗತಿ. ಮನೆಯವರು ಹೇಳಬೇಕು ಎಂದರು. ಅಪ್ಪಾಜಿ ನೋವಿನ ಇಂಜೆಕ್ಷನ್ನಿನ ಮಂಪರಿನಲ್ಲಿ ಯಾವುದೋ ಪಾಳಿಯವರಿಗೆ ಏನೋ ಆಜ್ಞೆ ಮಾಡುತ್ತಿದ್ದರು. ನಾನು ಅಣ್ಣನ ಮುಖ ನೋಡಿದೆ, ಅವನು ನನ್ನದನ್ನು. ಯಾರು ಹೂಂ ಅಂದರೂ, ಮುಂದೆ ಏನಾದರೂ ಆದರೆ ಆ ಹೂಂ ಅವರ ಹೆಗಲ ಮೇಲೆ. ಅತ್ತಿಗೆ ಹಾಳೆಯನ್ನು ತಿರುಗಿಸಿ ಹಿಂಬದಿ ತೋರಿಸಿದಳು. ಅಲ್ಲಿತ್ತು:

'ದೊಡ್ಡ ತೀರ್ಮಾನ ಬಂದಾಗ ನನ್ನನ್ನು ಕೇಳಿ. ನಾನು ಹೇಳುವ ಸ್ಥಿತಿಯಲ್ಲಿ ಇಲ್ಲದಿದ್ದರೆ ನಿಮ್ಮಮ್ಮನನ್ನು ಕೇಳಿ, ಮೂವರೂ ಕೂತು ನಿರ್ಧರಿಸಿ. ಒಬ್ಬರೇ ನಿರ್ಧರಿಸಬೇಡಿ. ಆಮೇಲೆ ಒಬ್ಬರೇ ಹೊರಬೇಕಾಗುತ್ತದೆ. ಏನೇ ಆದರೂ ನನಗೆ ಯಾರ ಮೇಲೂ ಬೇಜಾರಿಲ್ಲ.'

ವಾರ್ಡಿನ ಬಾಗಿಲಲ್ಲಿ ಕೂತಿದ್ದ ಅಮ್ಮನನ್ನು ಕೇಳಿದೆವು. "ಅವ್ರಿಗೆ ಓಡಾಡದೆ ಇರೋಕೆ ಆಗಲ್ಲ. ಮಾಡ್ಸಿ" ಎಂದಳು. ಅಣ್ಣ ಸಹಿ ಹಾಕಿದ. ಪಕ್ಕದಲ್ಲಿ ಜಾಗವಿಲ್ಲದಿದ್ದರೂ, ಡಾಕ್ಟರು ಬೇಡವೆಂದರೂ, ನಾನೂ ಅತ್ತಿಗೆಯೂ ಅಂಚಿನಲ್ಲಿ ಸಹಿ ಹಾಕಿದೆವು. ಆಪರೇಷನ್ ಮುಗಿಯುವವರೆಗೆ ಅಣ್ಣ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದ. "ಆವತ್ತು ಗೇಟಿನ ಹತ್ರ..." ಎಂದು ಶುರು ಮಾಡಿದ. "ಬಿಡೋ" ಎಂದೆ. ನನ್ನ ಜೀವಮಾನದ ಅತಿ ಚಿಕ್ಕ ಭಾಷಣ ಅದು. ಅತಿ ಒಳ್ಳೆಯದೂ ಇರಬೇಕು.

ಅಪ್ಪಾಜಿ ಕೋಲು ಹಿಡಿದು ಮತ್ತೆ ಐದು ವರ್ಷ ಭದ್ರಾವತಿಯ ಬೀದಿಯಲ್ಲಿ ಓಡಾಡಿದರು. ಅಮ್ಮ ಗೋಡೆಯಾಚೆಯ ಸಾರಿನ ಸುದ್ದಿ ತಂದು ಹೇಳುತ್ತಿದ್ದಳು, ಅವರು ಪೇಪರು ಓದುತ್ತಾ ಹೂಂಗುಟ್ಟುತ್ತಿದ್ದರು. ಒಂದು ದಿನ ಊಟ ಮಾಡಿ, ಮಜ್ಜಿಗೆ ಚೆನ್ನಾಗಿತ್ತೆಂದು ಹೇಳಿ, ಮಲಗಿದವರು ಏಳಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಅತ್ತಿಗೆ ಉಯಿಲು ತೆಗೆದು ಓದಿದಳು. ಐದೇ ವಾಕ್ಯ. ಇರುವುದೆಲ್ಲ ಹೆಂಡತಿಗೆ. ಆಕೆ ಎಲ್ಲಿರಬೇಕೆಂಬುದು ಆಕೆಯ ಇಷ್ಟ. ಯಾರೂ ಬಲವಂತ ಮಾಡತಕ್ಕದ್ದಲ್ಲ. ಆಕೆಯ ನಂತರ ಮಗ ಮಗಳಿಗೆ ಸಮ. ಸೊಸೆ ರತ್ನ ಹೇಳಿದ್ದೇ ಕೊನೆಯ ಮಾತು.

ಅಮ್ಮ ಕೇಳಿಸಿಕೊಂಡು, "ಸರಿ, ಎಲ್ಲಾರೂ ಹೊರಡಿ ಇನ್ನು. ನಾಳೆ ಸ್ಕೂಲು, ಆಫೀಸು. ರಾತ್ರಿ ಸೆಲ್ವಿ ಬಂದು ಮಲಗ್ತಾಳೆ" ಎಂದಳು. ನಾವು ಅನುಮಾನಿಸುತ್ತಾ ನಿಂತೆವು. ಅವಳು ಆಗಲೇ ಹಿತ್ತಲ ಬಾಗಿಲಲ್ಲಿ ಗೋಡೆಯಾಚೆ ಯಾರಿಗೋ ಏನೋ ಹೇಳುತ್ತಿದ್ದಳು.

ಸಂಜೆಯ ಬಸ್ಸು ಹತ್ತಿದೆವು. ಮೂರು ಜನರ ಸೀಟು. ಅಣ್ಣ ಹೊರಟ ಐದು ನಿಮಿಷಕ್ಕೆ ನಿದ್ದೆಹೋಗಿ, ನರೆತ ತಲೆಯನ್ನು ನನ್ನ ಹೆಗಲಿಗೆ ಒರಗಿಸಿದ. ಕಿಟಕಿಯ ಬಳಿ ಅತ್ತಿಗೆ. ಭತ್ತದ ಗದ್ದೆಗಳ ಮೇಲೆ ತೆಳ್ಳಗೆ ಹೊಗೆಯಂಥ ಮಂಜು ಹಬ್ಬುತ್ತಿತ್ತು. ಎಲ್ಲರ ಔಷಧಿ, ಎಲ್ಲರ ಕಾಗದ, ಎಲ್ಲರ ಗುಟ್ಟು ಇಷ್ಟು ವರ್ಷ ಹೊತ್ತ ಆ ಮುಖ ಗಾಜಿನಲ್ಲಿ ಅರ್ಧ ಕಾಣುತ್ತಿತ್ತು, ಅರ್ಧ ಗದ್ದೆಯಾಗಿತ್ತು. ಅವಳಿಗೂ ಐವತ್ತು ದಾಟಿದೆ ಎಂದು ನನಗೆ ಆಗ ಹೊಳೆಯಿತು.

"ಅತ್ತಿಗೇ, ವಯಸ್ಸಾದ ಮೇಲೆ ನಿಮಗೆ ಎಲ್ಲಿ, ಹೇಗೆ ಇರ್ಬೇಕು ಅಂತ ಆಸೆ?" ಎಂದೆ.

ಬಸ್ಸು ಎರಡು ಊರು ದಾಟಿತು.

"ಸ್ವಲ್ಪ ಟೈಮ್ ಕೊಡಿ ಸುಮಾ. ಯೋಚ್ನೆ ಮಾಡಿ ಹೇಳ್ತೀನಿ."

ಇನ್ನೂ ಹೇಳಿಲ್ಲ. ಸಿಕ್ಕಾಗಲೆಲ್ಲ ನಾನು ಕೇಳುತ್ತೇನೆ, ಅವಳು "ಯೋಚ್ನೆ ನಡೀತಿದೆ" ಎನ್ನುತ್ತಾಳೆ. ಒಮ್ಮೆ ಸಮುದ್ರದ ಹತ್ತಿರ ಎಂದಳು, ಮರುವಾರ ಬೇಡ ಎಂದಳು. ಮೊನ್ನೆ ಅಂಗಳದಲ್ಲಿ ಒಂದು ನೇರಳೆ ಮರ ಇರಬೇಕು ಎನ್ನುವವರೆಗೆ ಬಂದಿದ್ದಾಳೆ. ಹಾಗೆ ಹೇಳುವಾಗ ಅವಳ ಮುಖ ನೋಡಿದರೆ ನನಗೂ ಅವಸರವಿಲ್ಲ ಅನ್ನಿಸುತ್ತದೆ. ಮನೆ ಆಮೇಲೆ ಸಿಗಲಿ. ಸದ್ಯಕ್ಕೆ ಮರ ಬೆಳೆಯುತ್ತಿದೆ.